ಸಂಪುಟ ನಾಲ್ಕು ಸಲ ಸಿಕ್ಕಿತು, ಗಡಿ ಕದಲಲಿಲ್ಲ: ನೇಪಾಳದ ಉಪೇಂದ್ರ ಯಾದವ್ ರಾಜಕೀಯದ ಲೆಕ್ಕ

2025ರ ನವೆಂಬರ್‌ನಲ್ಲಿ ನೇಪಾಳದ ಮಧೇಶ ಪ್ರದೇಶದ ಮುಖ್ಯಮಂತ್ರಿಯೊಬ್ಬರು ರಾಜಧಾನಿ ಜನಕಪುರವನ್ನು ಬಿಟ್ಟು ಬರ್ದಿಬಾಸ್ ಎಂಬ ಪಟ್ಟಣದ ಹೋಟೆಲೊಂದರಲ್ಲಿ ಪ್ರಮಾಣವಚನ ತೆಗೆದುಕೊಂಡರು. ಅವರ ಹಿಂದಿನವರು ಕುರ್ಚಿಯಲ್ಲಿ ಒಂದು ತಿಂಗಳೂ ಪೂರೈಸದೆ, ಬಹುಮತ ತೋರಿಸಲಾಗದೆ ಇಳಿದಿದ್ದರು. ಪ್ರಮಾಣವಚನ ಬೋಧಿಸಿದ ಪ್ರದೇಶ ಪ್ರಮುಖರನ್ನು, ಅಂದರೆ ನಮ್ಮ ರಾಜ್ಯಪಾಲರಿಗೆ ಸಮನಾದವರನ್ನು, ಕೇಂದ್ರ ಸರ್ಕಾರ ವಜಾ ಮಾಡಿತು. ಹೋಟೆಲಿನಲ್ಲಿ ಅಧಿಕಾರ ಪಡೆದ ಮುಖ್ಯಮಂತ್ರಿಯೂ ಹೆಚ್ಚು ದಿನ ಉಳಿಯಲಿಲ್ಲ.

ಸುದ್ದಿ ಓದಿದವರಿಗೆ ಗೊಂದಲವಾಗಿದ್ದರೆ ತಪ್ಪಿಲ್ಲ. ಅಲ್ಲಿ ಸರೋಜ್ ಕುಮಾರ್ ಯಾದವ್ ಎಂಬ ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಪಕ್ಷಗಳಿಂದ, ಬೇರೆ ಬೇರೆ ಹೊತ್ತಿನಲ್ಲಿ ಮುಖ್ಯಮಂತ್ರಿಗಳಾಗಿದ್ದರು. ‘ಜನತಾ ಸಮಾಜವಾದಿ ಪಕ್ಷ’ ಮತ್ತು ‘ಜನತಾ ಸಮಾಜವಾದಿ ಪಕ್ಷ, ನೇಪಾಳ’ ಎಂಬ ಎರಡು ಬೇರೆ ಪಕ್ಷಗಳಿದ್ದವು. 2018ರಿಂದ ಐದು ವರ್ಷ ಒಬ್ಬರೇ ಮುಖ್ಯಮಂತ್ರಿಯನ್ನು ಕಂಡ ಪ್ರದೇಶ, 2023ರ ಜನವರಿಯಿಂದ ಮೂರು ವರ್ಷದೊಳಗೆ ಐವರನ್ನು ಕಂಡಿದೆ. ಈ ಗೋಜಲಿನ ಎಳೆ ಹಿಡಿದು ಹಿಂದಕ್ಕೆ ಹೋದರೆ ಹೆಚ್ಚಿನ ಎಳೆಗಳು ಉಪೇಂದ್ರ ಯಾದವ್ ಎಂಬ ಒಬ್ಬರ ಬಳಿಗೆ ಬಂದು ನಿಲ್ಲುತ್ತವೆ. ಆರು ದಶಕ ದಾಟಿದ ಈ ಮಧೇಸಿ ನಾಯಕರ ಹಾದಿ ಅರ್ಥವಾದರೆ ಮಧೇಶದ ಇಂದಿನ ಸ್ಥಿತಿಯೂ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮಧೇಶ ಎಂದರೆ ಯಾವುದು

ಹಿಮಾಲಯದ ತಪ್ಪಲಿನಿಂದ ಬಿಹಾರ, ಉತ್ತರ ಪ್ರದೇಶಗಳ ಗಡಿಯವರೆಗೆ ಹಬ್ಬಿರುವ ಬಯಲು ಪಟ್ಟಿಗೆ ತರಾಯಿ ಎಂದು ಹೆಸರು. ಅಲ್ಲಿ ಮೈಥಿಲಿ, ಭೋಜ್‌ಪುರಿ, ಅವಧಿ ಮಾತಾಡುವವರೇ ಮಧೇಸಿಗಳು. ಗಡಿಯಾಚೆಗೂ ಈಚೆಗೂ ಒಂದೇ ಭಾಷೆ, ಮದುವೆ ಸಂಬಂಧಗಳೂ ಉಂಟು. ಕಠ್ಮಂಡುವಿನ ಆಡಳಿತ, ಸೇನೆ, ನ್ಯಾಯಾಂಗ ಬಹುಕಾಲ ಬೆಟ್ಟದ ಜನರ, ಅಂದರೆ ಪಹಾಡಿಗಳ ಕೈಯಲ್ಲಿದ್ದವು. ಮಧೇಸಿಗಳನ್ನು ‘ಭಾರತದವರು’ ಎಂದು ಅನುಮಾನಿಸುವ ರೂಢಿಯಿಂದ ಲಕ್ಷಾಂತರ ಜನರಿಗೆ ಪೌರತ್ವದ ಪ್ರಮಾಣಪತ್ರವೇ ಸಿಕ್ಕಿರಲಿಲ್ಲ. ನೇಪಾಳದಲ್ಲಿ ಆ ಕಾಗದವಿಲ್ಲದೆ ಜಮೀನು ನೋಂದಣಿ ಆಗದು, ಸರ್ಕಾರಿ ನೌಕರಿ ಸಿಗದು, ಪಾಸ್‌ಪೋರ್ಟ್ ಬಾರದು. ಮಧೇಶ ರಾಜಕೀಯದ ಬೇರು ಇರುವುದು ಆ ಕಾಗದದಲ್ಲಿ.

ಈ ದೂರನ್ನು ಪಕ್ಷವಾಗಿ ಕಟ್ಟಿದವರಲ್ಲಿ ಪ್ರಮುಖರು ಗಜೇಂದ್ರ ನಾರಾಯಣ ಸಿಂಗ್. ಅವರ ನೇಪಾಳ ಸದ್ಭಾವನಾ ಪಕ್ಷ 1991ರ ಚುನಾವಣೆಯಲ್ಲಿ 6 ಸ್ಥಾನ ಗೆದ್ದಿತ್ತು. ಆ ಸಣ್ಣ ಧ್ವನಿ ಬೀದಿಯ ಅಬ್ಬರವಾಗಿ ಬೆಳೆದದ್ದು ಉಪೇಂದ್ರ ಯಾದವ್ ಕಾಲದಲ್ಲಿ.

ಮೇಷ್ಟ್ರಿಂದ ಮಾವೋವಾದಿ, ಅಲ್ಲಿಂದ ಫೋರಂ

ಯಾದವ್ ಶಿಕ್ಷಕರಾಗಿದ್ದವರು. 1991ರಲ್ಲಿ ಎಮಾಲೆ, ಅಂದರೆ ಯುಎಂಎಲ್ ಕಮ್ಯುನಿಸ್ಟ್ ಪಕ್ಷದಿಂದ ಸುನ್ಸರಿ ಜಿಲ್ಲೆಯಲ್ಲಿ ಚುನಾವಣೆಗೆ ನಿಂತರು. 1997ರಲ್ಲಿ ಮಧೇಸಿ ಜನಅಧಿಕಾರ ಫೋರಂ ಹುಟ್ಟಿತು. ಆಗ ಅದು ಪಕ್ಷವಾಗಿರಲಿಲ್ಲ, ವಿಚಾರ ವೇದಿಕೆಯಾಗಿತ್ತು. ನಡುವೆ ಅವರು ಮಾವೋವಾದಿಗಳ ಜೊತೆ ಸೇರಿದರು. 2004ರಲ್ಲಿ ಮಾತೃಕಾ ಯಾದವ್ ಮತ್ತು ಸುರೇಶ್ ಆಲೆ ಮಗರ್ ಜೊತೆ ದೆಹಲಿಯಲ್ಲಿ ಬಂಧನಕ್ಕೊಳಗಾದರು. ಉಳಿದಿಬ್ಬರನ್ನು ಭಾರತ ನೇಪಾಳಕ್ಕೆ ಒಪ್ಪಿಸಿತು, ಉಪೇಂದ್ರ ಬಿಡುಗಡೆಯಾದರು. ಮಾವೋವಾದಿಗಳಿಗೂ ಅವರಿಗೂ ನಡುವೆ ಬೆಳೆದ ಹಗೆಯ ಒಂದು ಬೇರು ಇಲ್ಲಿದೆ, ಇನ್ನೊಂದು ಬೇರು ಸಿದ್ಧಾಂತದ್ದು. ವರ್ಗ ಮೊದಲೋ, ಮಧೇಸಿ ಗುರುತು ಮೊದಲೋ ಎಂಬ ಪ್ರಶ್ನೆಗೆ ಅವರು ಎರಡನೆಯದನ್ನು ಆರಿಸಿಕೊಂಡರು.

2007ರ ಜನವರಿ: ಒಂದು ಪದಕ್ಕಾಗಿ

ಮಾವೋವಾದಿ ಯುದ್ಧ ಮುಗಿದು 2007ರ ಜನವರಿ 15ರಂದು ಮಧ್ಯಂತರ ಸಂವಿಧಾನ ಜಾರಿಗೆ ಬಂತು. ಅದರಲ್ಲಿ ಒಕ್ಕೂಟ ವ್ಯವಸ್ಥೆಯ ಖಾತರಿ ಇರಲಿಲ್ಲ, ಜನಸಂಖ್ಯೆಗೆ ತಕ್ಕ ಕ್ಷೇತ್ರ ಹಂಚಿಕೆಯೂ ಇರಲಿಲ್ಲ. ಮರುದಿನ ಕಠ್ಮಂಡುವಿನ ಮೈತಿಘರ್‌ನಲ್ಲಿ ಫೋರಂ ಕಾರ್ಯಕರ್ತರು ಅದರ ಪ್ರತಿ ಸುಟ್ಟರು, ಯಾದವ್ ಸೇರಿ ಹಲವರ ಬಂಧನವಾಯಿತು. ಜನವರಿ 19ರಂದು ಸಿರಾಹಾ ಜಿಲ್ಲೆಯ ಲಾಹಾನ್‌ನಲ್ಲಿ, ಹೆದ್ದಾರಿ ತಡೆಯ ವೇಳೆ ಮಾವೋವಾದಿ ಕಾರ್ಯಕರ್ತನ ಗುಂಡಿಗೆ ಹದಿಹರೆಯದ ವಿದ್ಯಾರ್ಥಿಯೊಬ್ಬ ಬಲಿಯಾದ. ಅಲ್ಲಿಂದ ಮೂರು ವಾರ ಪೂರ್ವ ತರಾಯಿ ಹೊತ್ತಿ ಉರಿಯಿತು.

ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಎರಡು ಸಲ ದೇಶವನ್ನುದ್ದೇಶಿಸಿ ಮಾತಾಡಬೇಕಾಯಿತು. ಜನವರಿ 31ರ ಭಾಷಣ ಸಾಲಲಿಲ್ಲ. ಫೆಬ್ರುವರಿ 7ರಂದು ಒಕ್ಕೂಟ ವ್ಯವಸ್ಥೆಯನ್ನೂ ಜನಸಂಖ್ಯೆ ಆಧಾರಿತ ಕ್ಷೇತ್ರಗಳನ್ನೂ ಒಪ್ಪಿಕೊಂಡರು. ಮಾರ್ಚ್‌ನಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು, ನಂತರ ನೇರ ಚುನಾವಣೆಯ ಕ್ಷೇತ್ರಗಳು 205ರಿಂದ 240ಕ್ಕೇರಿದವು. ಇಂದು ನೇಪಾಳ ತನ್ನನ್ನು ‘ಸಂಘೀಯ’ ಗಣರಾಜ್ಯ ಎಂದು ಕರೆದುಕೊಳ್ಳುವುದರ ಹಿಂದೆ ಈ ಮೂರು ವಾರಗಳಿವೆ. ಯಾದವ್ ಅವರನ್ನು ಎಷ್ಟೇ ಟೀಕಿಸುವವರೂ ಇದನ್ನು ಅಲ್ಲಗಳೆಯಲಾರರು, ಅಲ್ಲಗಳೆಯಲೂ ಬಾರದು.

ಇದೇ ಕಾಲದ ಕಪ್ಪು ಪುಟವೂ ಇದೆ. ಮಾರ್ಚ್ 21ರಂದು ರೌತಹಟ್ ಜಿಲ್ಲೆಯ ಗೌರ್‌ನಲ್ಲಿ ಫೋರಂ ಮತ್ತು ಮಾವೋವಾದಿಗಳು ಒಂದೇ ಮೈದಾನದಲ್ಲಿ ಸಭೆ ಕರೆದರು. ಘರ್ಷಣೆಯಲ್ಲಿ ಮಾವೋವಾದಿ ಕಡೆಯ 27 ಜನ ಕೊಲೆಯಾದರು. ಆ ಕುಟುಂಬಗಳ ನ್ಯಾಯದ ಬೇಡಿಕೆ ಚುನಾವಣೆ ಬಂದಾಗಲೆಲ್ಲ ಮೇಲೇಳುತ್ತದೆ.

52 ಸ್ಥಾನದ ಎತ್ತರ, ವರ್ಷದಲ್ಲೇ ಬಿರುಕು

2008ರ ಏಪ್ರಿಲ್‌ನ ಸಂವಿಧಾನ ಸಭೆ ಚುನಾವಣೆಯಲ್ಲಿ ಫೋರಂ 52 ಸ್ಥಾನ ಗೆದ್ದು ದೇಶದ ನಾಲ್ಕನೇ ದೊಡ್ಡ ಪಕ್ಷವಾಯಿತು. ಹಿರಿಯ ನಾಯಕ ಮಹಂತ ಠಾಕೂರ್ ನೇಪಾಳಿ ಕಾಂಗ್ರೆಸ್ ಬಿಟ್ಟು ಕಟ್ಟಿದ ತರಾಯಿ ಮಧೇಶ ಲೋಕತಾಂತ್ರಿಕ ಪಕ್ಷಕ್ಕೂ ಸುಮಾರು 20 ಸ್ಥಾನ ಬಂತು. ಪ್ರಧಾನಿಯಾದ ಮಾವೋವಾದಿ ನಾಯಕ ಪ್ರಚಂಡ ಅವರ ಸಂಪುಟದಲ್ಲಿ ಯಾದವ್ ವಿದೇಶಾಂಗ ಸಚಿವರಾದರು.

2009ರ ಮೇ ತಿಂಗಳಲ್ಲಿ ಪ್ರಚಂಡ ರಾಜೀನಾಮೆ ಕೊಟ್ಟರು. ಮುಂದಿನ ಪ್ರಧಾನಿ ಮಾಧವ್ ಕುಮಾರ್ ನೇಪಾಳ್ ಅವರನ್ನು ಬೆಂಬಲಿಸುವ ಮಾತು ಬಂದಾಗ ಪಕ್ಷದ ಸಂಸದೀಯ ನಾಯಕ ವಿಜಯ್ ಕುಮಾರ್ ಗಚ್ಛದಾರ್ ಹೆಚ್ಚಿನ ಸಂಸದರನ್ನು ಕರೆದುಕೊಂಡು ಹೊರನಡೆದು ಉಪಪ್ರಧಾನಿಯಾದರು. ಯಾದವ್ ಅಧ್ಯಕ್ಷರಾಗಿ ಉಳಿದರೂ ಸದನದಲ್ಲಿ ಬಲ ಕರಗಿತು. 2011ರಲ್ಲಿ ಇನ್ನೊಂದು ಹೋಳಾಯಿತು. 2013ರ ಎರಡನೇ ಸಂವಿಧಾನ ಸಭೆಯಲ್ಲಿ ಯಾದವ್ ಪಕ್ಷಕ್ಕೆ ಸಿಕ್ಕಿದ್ದು 10 ಸ್ಥಾನ.

52ರಿಂದ 10ಕ್ಕೆ ಇಳಿದದ್ದಕ್ಕೆ ಮತದಾರರ ಬೇಸರ ಒಂದು ಕಾರಣ. ಹೆಚ್ಚು ಕೆಲಸ ಮಾಡಿದ್ದು ನೇರ ಚುನಾವಣೆಯ ಸ್ವಭಾವ. ಮೂರು ಫೋರಂಗಳು, ಎರಡು ಮೂರು ಸದ್ಭಾವನಾಗಳು, ಜೊತೆಗೆ ಠಾಕೂರ್ ಪಕ್ಷ ಒಂದೇ ಕ್ಷೇತ್ರದಲ್ಲಿ ಅಭ್ಯರ್ಥಿ ಹಾಕಿದರೆ ಮಧೇಸಿ ಮತ ಐದಾರು ಕಡೆ ಹರಿದು ಹಂಚಿಹೋಗುತ್ತದೆ. ಒಟ್ಟು ಮತ ಹೆಚ್ಚಿದ್ದರೂ, ಕಾಲು ಭಾಗ ಮತ ಒಟ್ಟಿಗೆ ಇಟ್ಟುಕೊಂಡ ಕಾಂಗ್ರೆಸ್ ಅಥವಾ ಎಮಾಲೆ ಗೆಲ್ಲುತ್ತದೆ.

ಗಡಿಯ ಗೆರೆ ಎಲ್ಲಿ ಬಿತ್ತು

ಅದರ ಪರಿಣಾಮ 2015ರಲ್ಲಿ ಕಂಡಿತು. ಸಂವಿಧಾನ ಬರೆಯುವ ಮೇಜಿನಲ್ಲಿ ಮಧೇಸಿ ಪಕ್ಷಗಳ ಮಾತಿಗೆ ತೂಕ ಉಳಿದಿರಲಿಲ್ಲ. ಜೂನ್‌ನಲ್ಲಿ ದೊಡ್ಡ ಪಕ್ಷಗಳು 16 ಅಂಶಗಳ ಒಪ್ಪಂದ ಮಾಡಿಕೊಂಡಾಗ ಮಧೇಸಿ ಪಕ್ಷಗಳ ಕಡೆಯಿಂದ ಅದಕ್ಕೆ ಸಹಿ ಹಾಕಿದ ಏಕೈಕ ನಾಯಕ ಗಚ್ಛದಾರ್. ಸೆಪ್ಟೆಂಬರ್ 20ರಂದು ಸಂವಿಧಾನ ಜಾರಿಯಾಯಿತು.

ಮಧೇಸಿಗಳ ಹಳೆಯ ಘೋಷಣೆ ‘ಒಂದು ಮಧೇಶ, ಒಂದು ಪ್ರದೇಶ’. ಅಂದರೆ ಪೂರ್ವದ ಝಾಪಾದಿಂದ ಪಶ್ಚಿಮದ ಕಂಚನ್‌ಪುರದವರೆಗೆ ಇಡೀ ಬಯಲು ಒಂದೇ ಪ್ರಾಂತ್ಯವಾಗಬೇಕು. ಸಿಕ್ಕಿದ್ದು ಸಪ್ತರಿ, ಸಿರಾಹಾ, ಧನುಷಾ, ಮಹೋತ್ತರಿ, ಸರ್ಲಾಹಿ, ರೌತಹಟ್, ಬಾರಾ, ಪರ್ಸಾ ಎಂಬ ಎಂಟು ಜಿಲ್ಲೆಗಳ ‘ಪ್ರದೇಶ 2’, ಅಂದರೆ ಇಂದಿನ ಮಧೇಶ ಪ್ರದೇಶ. ಝಾಪಾ, ಮೊರಂಗ್, ಸುನ್ಸರಿ ಬೆಟ್ಟದ ಜಿಲ್ಲೆಗಳ ಜೊತೆ ಪ್ರದೇಶ 1ಕ್ಕೆ ಹೋದವು. ಕೈಲಾಲಿ, ಕಂಚನ್‌ಪುರ ದೂರದ ಪಶ್ಚಿಮಕ್ಕೆ ಸೇರಿದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸುನ್ಸರಿ ಯಾದವ್ ಅವರ ಕರ್ಮಭೂಮಿ, 2008 ಮತ್ತು 2013ರಲ್ಲಿ ಅವರು ಗೆದ್ದ ನೆಲ. ಯಾವ ಪ್ರಾಂತ್ಯಕ್ಕಾಗಿ ಹೋರಾಡಿದರೋ ಆ ಪ್ರಾಂತ್ಯದ ಗಡಿ ಕೋಶಿ ನದಿಯ ಬಳಿಯೇ ನಿಂತು, ಅವರ ಕ್ಷೇತ್ರವನ್ನೇ ಹೊರಗಿಟ್ಟಿತು. 2017ರಲ್ಲಿ ಅವರು ನದಿ ದಾಟಿ ಸಪ್ತರಿ-2ಕ್ಕೆ ಬಂದು ಗೆದ್ದರು. ಆದರೆ ದಶಕಗಳ ಕಾಲ ಹೆಸರು ಹೆಸರಾಗಿ ಪರಿಚಯವಿದ್ದ ಊರುಗಳ ಸುರಕ್ಷತೆ ಅವರಿಗೆ ಮತ್ತೆ ಸಿಗಲಿಲ್ಲ.

2015ರ ಆಗಸ್ಟ್‌ನಿಂದ ನಡೆದ ಚಳವಳಿಯಲ್ಲಿ ಸುಮಾರು 50 ಜೀವಗಳು ಹೋದವು. ಆಗಸ್ಟ್ 24ರಂದು ಕೈಲಾಲಿಯ ಟೀಕಾಪುರದಲ್ಲಿ ಎಂಟು ಪೊಲೀಸರು ಮತ್ತು ಒಂದು ಹಸುಗೂಸು ಸತ್ತದ್ದು ಇದರ ಆರಂಭದಲ್ಲೇ. ಸೆಪ್ಟೆಂಬರ್ ಕೊನೆಯಿಂದ ಬೀರಗಂಜ್–ರಕ್ಸೌಲ್ ನಡುವಿನ ಮೈತ್ರಿ ಸೇತುವೆಯ ಮೇಲೆ ಪ್ರತಿಭಟನಕಾರರು ಕುಳಿತರು, ಭಾರತದ ಕಡೆಯಿಂದ ಲಾರಿಗಳು ಬರಲಿಲ್ಲ. ನೇಪಾಳದ ಪೆಟ್ರೋಲು, ಅಡುಗೆ ಅನಿಲವೆಲ್ಲ ಭಾರತದಿಂದಲೇ ಬರಬೇಕು. ಕಠ್ಮಂಡುವಿನಲ್ಲಿ ಸಿಲಿಂಡರ್‌ಗೆ ಅರ್ಧ ಮಾತ್ರ, 7.1 ಕೆ.ಜಿ. ಅನಿಲ ತುಂಬಿ ಕೊಡುವ ಪರಿಸ್ಥಿತಿ ಬಂತು. ಬೆಟ್ಟದ ಜನರಿಗೆ ಮಧೇಶದ ಬೇಡಿಕೆ ಏನೆಂದು ತಿಳಿಯುವ ಬದಲು ಸೌದೆ ಒಲೆಯ ಹೊಗೆಯೇ ನೆನಪಾಗಿ ಉಳಿಯಿತು. ತಡೆ ಹೇರಿದ್ದು ಭಾರತ ಎಂದು ಕಠ್ಮಂಡು ಹೇಳಿತು, ಭಾರತ ಅದನ್ನು ಒಪ್ಪಲಿಲ್ಲ. 2016ರ ಫೆಬ್ರುವರಿಯಲ್ಲಿ ಅದು ತಾನಾಗಿ ಕರಗಿದಾಗ ಲಾಭವಾದದ್ದು ರಾಷ್ಟ್ರವಾದಿ ಮಾತಾಡಿದ ಕೆ.ಪಿ. ಶರ್ಮಾ ಓಲಿ ಅವರಿಗೆ. ಮಧೇಸಿ ಪಕ್ಷಗಳ ಕೈಗೆ ಬಂದದ್ದು ಜನವರಿಯಲ್ಲಿ ಆದ ಮೊದಲ ತಿದ್ದುಪಡಿ. ಕ್ಷೇತ್ರ ಹಂಚಿಕೆಗೆ ಜನಸಂಖ್ಯೆ ಮುಖ್ಯ ಆಧಾರವಾಯಿತು, ಸರ್ಕಾರಿ ಸಂಸ್ಥೆಗಳಲ್ಲಿ ಪ್ರಾತಿನಿಧ್ಯ ಜನಸಂಖ್ಯೆಗೆ ಅನುಪಾತವಾಗಿರಬೇಕೆಂಬ ಮಾತು ಸೇರಿತು. ಗಡಿ ಇದ್ದಲ್ಲೇ ಇತ್ತು.

138 ಮತ್ತು 184: ಎಲ್ಲ ತೊಡಕಿನ ಮೂಲ

ಯಾದವ್ ಏಕೆ ಮತ್ತೆ ಮತ್ತೆ ಮಂತ್ರಿಯಾಗುತ್ತಾರೆ, ಮತ್ತೆ ಮತ್ತೆ ಬರಿಗೈಯಲ್ಲಿ ಹೊರಬರುತ್ತಾರೆ? ಉತ್ತರ ಎರಡು ಸಂಖ್ಯೆಗಳಲ್ಲಿದೆ.

ಪ್ರತಿನಿಧಿ ಸಭೆಯಲ್ಲಿ 275 ಸದಸ್ಯರು. 165 ಮಂದಿ ನೇರ ಚುನಾವಣೆಯಿಂದ, 110 ಮಂದಿ ಪಕ್ಷಗಳು ಪಡೆದ ಮತದ ಅನುಪಾತದಿಂದ ಬರುತ್ತಾರೆ. ಸರ್ಕಾರ ರಚನೆಗೆ 138 ಸಾಕು. ಯಾವ ಪಕ್ಷಕ್ಕೂ ಬಹುಮತ ಬಾರದ ಸದನದಲ್ಲಿ 12 ಸದಸ್ಯರ ಪಕ್ಷವೂ ತಕ್ಕಡಿ ತೂಗಬಲ್ಲದು, ಹಾಗಾಗಿ ಅದಕ್ಕೆ ಉಪಪ್ರಧಾನಿ ಪಟ್ಟ ಸಿಗುತ್ತದೆ. ಸಂವಿಧಾನದ ತಿದ್ದುಪಡಿಗಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಬೇಕು. ಪ್ರತಿನಿಧಿ ಸಭೆಯಲ್ಲಿ 184, 59 ಸದಸ್ಯರ ರಾಷ್ಟ್ರೀಯ ಸಭೆಯಲ್ಲಿ 40. ಪ್ರಾಂತ್ಯದ ಗಡಿ ಬದಲಿಸಬೇಕಾದರೆ ಸಂಬಂಧಪಟ್ಟ ಪ್ರಾಂತ್ಯಗಳ ಸಭೆಗಳಿಗೂ ಮಸೂದೆ ಹೋಗಬೇಕು. ಕಾಂಗ್ರೆಸ್, ಎಮಾಲೆ ಎರಡೂ ಒಪ್ಪದೆ ಈ ಸಂಖ್ಯೆ ಕನಸಿನಲ್ಲೂ ಸಿಗದು.

2017ರ ಆಗಸ್ಟ್ 21ರಂದು ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ನೇಪಾಳಿ ಕಾಂಗ್ರೆಸ್‌ನ ಪ್ರಧಾನಿ ಶೇರ್ ಬಹಾದುರ್ ದೇವುಬಾ ಅವರ ಸರ್ಕಾರ ಮಧೇಸಿ ಬೇಡಿಕೆಗಳ ತಿದ್ದುಪಡಿ ಮಸೂದೆಯನ್ನು ಅಂದಿನ ಸಂಸತ್ತಿನಲ್ಲಿ ಮತಕ್ಕೆ ಹಾಕಿತು. ಪರ 347, ವಿರುದ್ಧ 206. ಸಾಮಾನ್ಯ ಮಸೂದೆಯಾಗಿದ್ದರೆ ಸುಲಭ ಗೆಲುವು. ಮೂರನೇ ಎರಡಕ್ಕೆ ಸುಮಾರು 50 ಮತ ಕಡಿಮೆಯಾಗಿ ಬಿದ್ದುಹೋಯಿತು.

2018ರ ಮೇ ಕೊನೆಯಲ್ಲಿ ಯಾದವ್ ಓಲಿ ಸರ್ಕಾರ ಸೇರುವ ಮುಂಚೆ ಎರಡು ಅಂಶಗಳ ಒಪ್ಪಂದ ಮಾಡಿಕೊಂಡರು, ಅದರಲ್ಲಿ ತಿದ್ದುಪಡಿಯ ಮಾತಿತ್ತು. ಅವರು ಉಪಪ್ರಧಾನಿಯಾಗಿ ಆರೋಗ್ಯ ಖಾತೆ, ನಂತರ ಕಾನೂನು ಖಾತೆ ನಿಭಾಯಿಸಿದರು. ಓಲಿ ಅವರಿಗೆ ಆಗ ತಮ್ಮದೇ ಪಕ್ಷದ ಬಲದಿಂದ ಬಹುಮತವಿತ್ತು. ಯಾದವ್ ಬೆಂಬಲ ಅಲಂಕಾರಕ್ಕಿತ್ತೇ ಹೊರತು ಆಧಾರಕ್ಕಿರಲಿಲ್ಲ. ಬೆಂಬಲ ಹಿಂತೆಗೆದರೂ ಸರ್ಕಾರ ಬೀಳದಿದ್ದರೆ, ಕೊಟ್ಟ ಮಾತು ನಡೆಸುವ ಒತ್ತಡ ಎಲ್ಲಿಂದ ಬರಬೇಕು? 2019ರ ಡಿಸೆಂಬರ್ 24ರಂದು ಅವರು ಹೊರಬಂದರು. ಸರ್ಕಾರಕ್ಕೆ ಏನೂ ಆಗಲಿಲ್ಲ.

ಒಡೆಯುವುದನ್ನು ಸುಲಭ ಮಾಡಿದ ಸುಗ್ರೀವಾಜ್ಞೆಗಳು

ನೇಪಾಳದ ರಾಜಕೀಯ ಪಕ್ಷಗಳ ಕಾಯ್ದೆಯ ಪ್ರಕಾರ ಪಕ್ಷ ಒಡೆಯಲು ಕೇಂದ್ರ ಸಮಿತಿ ಮತ್ತು ಸಂಸದೀಯ ಪಕ್ಷ ಎರಡರಲ್ಲೂ ಶೇ 40 ಬೆಂಬಲ ಬೇಕು. 2020ರ ಏಪ್ರಿಲ್‌ನಲ್ಲಿ ಓಲಿ ಸರ್ಕಾರ ‘ಎರಡರಲ್ಲಿ ಒಂದಿದ್ದರೂ ಸಾಕು’ ಎಂಬ ಸುಗ್ರೀವಾಜ್ಞೆ ತಂದಿತು. ಒಡೆದುಹೋಗುವ ಭಯದಲ್ಲಿ, ಫೋರಂನಿಂದ ಬೆಳೆದ ಯಾದವ್ ಅವರ ಸಮಾಜವಾದಿ ಪಕ್ಷ, ಠಾಕೂರ್–ರಾಜೇಂದ್ರ ಮಹತೋ ಅವರ ರಾಷ್ಟ್ರೀಯ ಜನತಾ ಪಕ್ಷದ ಜೊತೆ ರಾತ್ರೋರಾತ್ರಿ ವಿಲೀನವಾಗಿ ‘ಜನತಾ ಸಮಾಜವಾದಿ ಪಕ್ಷ, ನೇಪಾಳ’ ಆಯಿತು. ಎರಡು ಮೂರು ದಿನದಲ್ಲಿ ಸುಗ್ರೀವಾಜ್ಞೆ ವಾಪಸ್ಸಾಯಿತು. ಭಯದಿಂದ ಆದ ಆ ಸಂಬಂಧ ಹೆಚ್ಚು ದಿನ ಬಾಳಲಿಲ್ಲ.

2021ರಲ್ಲಿ ಠಾಕೂರ್ ಬಣ ಓಲಿ ಜೊತೆ, ಯಾದವ್ ಬಣ ದೇವುಬಾ ಜೊತೆ ನಿಂತವು. ಪೌರತ್ವ ಕಾನೂನು, ಚಳವಳಿಯ ಮೊಕದ್ದಮೆಗಳ ವಾಪಸಾತಿ ಯಾರು ಕೊಟ್ಟರೂ ತೆಗೆದುಕೊಳ್ಳಬೇಕು ಎಂಬುದು ಠಾಕೂರ್ ವಾದ. ಸಂಸತ್ತನ್ನೇ ವಿಸರ್ಜಿಸಿದ ಪ್ರಧಾನಿಯನ್ನು ನಂಬಲಾಗದು ಎಂಬುದು ಯಾದವ್ ವಾದ. ಆ ಆಗಸ್ಟ್‌ನಲ್ಲಿ ದೇವುಬಾ ಸರ್ಕಾರ ಇನ್ನೊಂದು ಸುಗ್ರೀವಾಜ್ಞೆಯಲ್ಲಿ ಮಿತಿಯನ್ನು ಶೇ 20ಕ್ಕೆ ಇಳಿಸಿತು. ಠಾಕೂರ್ ಅದರಡಿ ಲೋಕತಾಂತ್ರಿಕ ಸಮಾಜವಾದಿ ಪಕ್ಷ ನೋಂದಾಯಿಸಿದರು. ಕೆಲಸ ಮುಗಿದ ಮೇಲೆ ಆ ಸುಗ್ರೀವಾಜ್ಞೆಯೂ ಹಿಂದಕ್ಕೆ ಹೋಯಿತು.

2024ರ ಮಾರ್ಚ್‌ನಲ್ಲಿ ಪ್ರಚಂಡ ಕಾಂಗ್ರೆಸ್ ಕೈಬಿಟ್ಟಾಗ ಯಾದವ್ ಮತ್ತೆ ಉಪಪ್ರಧಾನಿ ಮತ್ತು ಆರೋಗ್ಯ ಸಚಿವರಾದರು. ಎರಡು ತಿಂಗಳಲ್ಲಿ ಅವರ 12 ಸಂಸದರ ಪೈಕಿ 7 ಮಂದಿ ಪಕ್ಷದ ಹಿರಿಯ ನಾಯಕ ಅಶೋಕ್ ರಾಯ್ ಹಿಂದೆ ಹೋಗಿ ‘ಜನತಾ ಸಮಾಜವಾದಿ ಪಕ್ಷ’ ಎಂಬ ಹೊಸ ಪಕ್ಷ ಕಟ್ಟಿದರು. ಯಾದವ್ ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ಪ್ರಚಂಡ ಗಳಿಸಿದ್ದ ವಿಶ್ವಾಸಮತ 157, ಯಾದವ್ ಹೋದ ಮೇಲೆ ಮೇ ತಿಂಗಳಲ್ಲಿ ಗಳಿಸಿದ್ದೂ 157. ಸರ್ಕಾರ ನಡೆಸುವವರಿಗೆ ಇಡೀ ಪಕ್ಷಕ್ಕಿಂತ ಅದರ ಅರ್ಧ ಅಗ್ಗ, ಅರ್ಧಕ್ಕೆ ಕೊಡಬೇಕಾದ ಖಾತೆಗಳೂ ಕಡಿಮೆ. ಮಧೇಸಿ ಪಕ್ಷಗಳು ಒಡೆಯುವುದಕ್ಕೆ ಒಳಗಿನ ಜಗಳವೊಂದನ್ನೇ ಕಾರಣ ಮಾಡುವವರು ಈ ಹೊರಗಿನ ಲಾಭವನ್ನು ಮರೆಯುತ್ತಾರೆ.

ಒಳಗಿನ ಕಾರಣವೂ ಗಟ್ಟಿಯೇ. ಅನುಪಾತದ ಪಟ್ಟಿಯಲ್ಲಿ ಯಾರ ಹೆಸರು ಇರಬೇಕೆಂದು ತೀರ್ಮಾನಿಸುವುದು ಪಕ್ಷದ ಮೇಲ್ಮಟ್ಟ. ಮತದಾರರು ಯಾದವ್ ಪಕ್ಷದ ಛತ್ರಿ ಗುರುತಿಗೆ ಒತ್ತಬಹುದಷ್ಟೆ, ಹೆಸರು ಆರಿಸಲಾರರು. ಅಧ್ಯಕ್ಷರ ಮಾತು ಮೀರಿದವರಿಗೆ ಮುಂದಿನ ಪಟ್ಟಿಯಲ್ಲಿ ಜಾಗವಿಲ್ಲ. ಅಸಮಾಧಾನವನ್ನು ಪಕ್ಷದೊಳಗೇ ಹೇಳಿಕೊಳ್ಳುವ ದಾರಿ ಮುಚ್ಚಿದಾಗ ಒಡೆಯುವುದೇ ದಾರಿಯಾಗುತ್ತದೆ.

ಸಪ್ತರಿಯ ಏಟು

2022ರ ನವೆಂಬರ್‌ನಲ್ಲಿ ಸಪ್ತರಿ-2ರಲ್ಲಿ ಯಾದವ್ ಅವರನ್ನು ಜನಮತ ಪಕ್ಷದ ಸಿ.ಕೆ. ರಾವುತ್ ಭಾರೀ ಅಂತರದಿಂದ, ಎರಡು ಪಟ್ಟು ಮತ ಪಡೆದು ಸೋಲಿಸಿದರು. ಕೇಂಬ್ರಿಜ್‌ನಲ್ಲಿ ಓದಿದ ಎಂಜಿನಿಯರ್ ರಾವುತ್ ಒಂದು ಕಾಲದಲ್ಲಿ ಸ್ವತಂತ್ರ ಮಧೇಶ ದೇಶ ಕೇಳಿದವರು. 2019ರ ಮಾರ್ಚ್‌ನಲ್ಲಿ ಸರ್ಕಾರದ ಜೊತೆ 11 ಅಂಶಗಳ ಒಪ್ಪಂದ ಮಾಡಿಕೊಂಡು ಪಕ್ಷ ಕಟ್ಟಿದರು. ಗೊಬ್ಬರ ಸಿಗದ ರೈತನ ಸಿಟ್ಟು, ಕಚೇರಿಗಳ ಲಂಚ ಅವರ ಪ್ರಚಾರದ ವಿಷಯಗಳಾದವು. ಗಡಿ, ಸಂವಿಧಾನದ ಮಾತು ಹಿಂದೆ ಸರಿಯಿತು. ಐದು ವರ್ಷ ಪ್ರಾಂತ್ಯವನ್ನು ಆಳಿದ್ದು ಯಾದವ್ ಪಕ್ಷವೇ ಆದ್ದರಿಂದ ಕಠ್ಮಂಡುವನ್ನು ದೂರಿ ತಪ್ಪಿಸಿಕೊಳ್ಳುವ ಅವಕಾಶ ಅದಕ್ಕಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಬಾರಾ-2ರ ಉಪಚುನಾವಣೆ ಗೆದ್ದು ಯಾದವ್ ಸಂಸತ್ತಿಗೆ ಮರಳಿದರು. ಸುನ್ಸರಿ, ಸಪ್ತರಿ ಆದ ಮೇಲೆ ಅದು ಇನ್ನೊಂದು ಹೊಸ ಜಿಲ್ಲೆ.

ಪ್ರಾಂತ್ಯ ಸಭೆಯ ಅಂಕಿ ನೋಡಿದರೆ ಬರ್ದಿಬಾಸ್ ಹೋಟೆಲಿನ ಪ್ರಸಂಗದ ಬೀಜ ಕಾಣುತ್ತದೆ. ಒಟ್ಟು ಸ್ಥಾನ 107, ಬಹುಮತಕ್ಕೆ 54. 2017ರಲ್ಲಿ ಯಾದವ್ ಪಕ್ಷ 29, ರಾಷ್ಟ್ರೀಯ ಜನತಾ ಪಕ್ಷ 25, ಕೂಡಿದರೆ ಸರಿಯಾಗಿ 54. ಮುಖ್ಯಮಂತ್ರಿ ಲಾಲಬಾಬು ರಾವುತ್ ಐದು ವರ್ಷ ಕುಳಿತದ್ದು ಆ ಲೆಕ್ಕದ ಮೇಲೆ. 2022ರಲ್ಲಿ ಯಾದವ್ ಪಕ್ಷಕ್ಕೆ 19, ಠಾಕೂರ್ ಪಕ್ಷಕ್ಕೆ 9, ಜನಮತಕ್ಕೆ 13. ಮೂರೂ ಕೂಡಿದರೂ 41. ಎಮಾಲೆ 23, ಕಾಂಗ್ರೆಸ್ 22 ಪಡೆದು ಮುಂದೆ ಬಂದವು. ಅಂದಿನಿಂದ ಜನಕಪುರದ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದು ಕಠ್ಮಂಡುವಿನ ಮೈತ್ರಿ ಬದಲಾದಾಗಲೆಲ್ಲ ಬದಲಾಗುತ್ತಿದೆ.

ಮುಂದೇನು

2025ರ ಸೆಪ್ಟೆಂಬರ್‌ನ ಯುವಜನರ ದಂಗೆಯಲ್ಲಿ ಓಲಿ ಸರ್ಕಾರ ಉರುಳಿತು. ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು, ಪ್ರತಿನಿಧಿ ಸಭೆ ವಿಸರ್ಜನೆಯಾಗಿ 2026ರ ಮಾರ್ಚ್ 5ಕ್ಕೆ ಚುನಾವಣೆ ಗೊತ್ತಾಯಿತು. ಬೀದಿಗಿಳಿದವರ ಸಿಟ್ಟು ಹಳೆಯ ಮುಖಗಳ ಮೇಲೆ, ಮತ್ತೆ ಮತ್ತೆ ಮಂತ್ರಿಯಾದವರ ಮೇಲೆ. ಯಾದವ್ ಅವರಿಗೆ ಇದು ಸಪ್ತರಿಗಿಂತ ಕಷ್ಟದ ಪರೀಕ್ಷೆ. 2007ರಲ್ಲಿ ಹುಟ್ಟಿದ ಮಗು ಈಗ ಮತದಾರ. ಆ ಮೂರು ವಾರಗಳ ನೆನಪು ಅವನಿಗಿಲ್ಲ, ನೆನಪಿರುವುದು ಸಂಪುಟಗಳ ಒಳಗೆ ಹೊರಗೆ ಓಡಾಟ ಮಾತ್ರ.

ಮಧೇಸಿ ಪಕ್ಷಗಳನ್ನು ಒಗ್ಗೂಡುವ ಮಾತುಕತೆಗೆ ನೂಕಿದ್ದು ಇನ್ನೊಂದು ಸಂಖ್ಯೆ: ಶೇ 3. ಅನುಪಾತದ ಸ್ಥಾನಗಳಲ್ಲಿ ಪಾಲು ಬೇಕಾದರೆ ದೇಶದ ಒಟ್ಟು ಸಿಂಧು ಮತಗಳಲ್ಲಿ ಶೇ 3 ದಾಟಲೇಬೇಕು. 2022ರಲ್ಲಿ ಯಾದವ್ ಪಕ್ಷ ಶೇ 4ರ ಆಸುಪಾಸಿನಲ್ಲಿದ್ದು 5 ಅನುಪಾತದ ಸ್ಥಾನ ಪಡೆಯಿತು, ಜನಮತವೂ ಶೇ 3 ದಾಟಿ 5 ಪಡೆಯಿತು. ಠಾಕೂರ್ ಪಕ್ಷ ನಾಲ್ಕು ನೇರ ಕ್ಷೇತ್ರ ಗೆದ್ದರೂ ಶೇ 3 ಮುಟ್ಟಲಾಗದೆ ಅನುಪಾತದಲ್ಲಿ ಒಂದೂ ಪಡೆಯಲಿಲ್ಲ. ಅದಕ್ಕೆ ಬಿದ್ದ ಮತಗಳೆಲ್ಲ ಸ್ಥಾನವಾಗದೆ ಉಳಿದವು. 2022ರ ಲೆಕ್ಕದಲ್ಲಿ ಯಾದವ್ ಪಕ್ಷದ ಬಳಿ ಇದ್ದ ಹೆಚ್ಚುವರಿ ಒಂದು ಪ್ರತಿಶತಕ್ಕೂ ಕಡಿಮೆ, 2024ರಲ್ಲಿ ಅಶೋಕ್ ರಾಯ್ ಬಣವೂ ಹೊರಹೋಯಿತು. ಅದು ಕರಗಿದರೆ ಛತ್ರಿಗೆ ಬಿದ್ದ ಮತವೂ ಠಾಕೂರ್ ಪಕ್ಷದ ಮತದ ಸಾಲಿಗೇ ಸೇರುತ್ತದೆ, ಮತ್ತು ಮಧೇಶ ಪ್ರದೇಶದ 32 ನೇರ ಕ್ಷೇತ್ರಗಳಲ್ಲಿ ಗೆದ್ದಷ್ಟೇ ಅವರ ಪಾಲು.